ಮಾನಿಟರ್ ಫರ್ಮ್‌ವೇರ್ ಗ್ರಾಹಕರ ಕೈಗೇ ಕೊಡಿ

ಮಾನ್ಯರೇ,

ಬಾಗಲಕೋಟೆಯ ನವನಗರದಲ್ಲಿ ನನ್ನದು ಟಿ.ವಿ. ರಿಪೇರಿ ಅಂಗಡಿ. ಪಿಕ್ಚರ್ ಟ್ಯೂಬಿನ ಕಾಲದಿಂದ ಇದೇ ಕಸುಬು. ಈಗೀಗ ಕಾಲೇಜು ಹುಡುಗರು ಗೇಮಿಂಗ್ ಮಾನಿಟರ್ ಹೊತ್ತು ತರುತ್ತಾರೆ. ವಿದ್ಯಾಗಿರಿಯ ಒಬ್ಬ ಹುಡುಗ ಹೊಸ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತಂದಿಟ್ಟು, "ಕಾಕಾ, ಬಾಕ್ಸಿನ ಮ್ಯಾಲ ಒಂದು ಮಿಲಿಸೆಕೆಂಡ್ ಅಂತ ಬರದಾರ, ಗೇಮಿನ್ಯಾಗ ನೋಡಿದ್ರ ಒಬ್ಬ ಓಡಾಂವ ಇಬ್ಬರಾಗಿ ಕಾಣತಾನ" ಎಂದ.

ಓಡುವ ಚಿತ್ರದ ಮಸುಕು ತಗ್ಗಿಸುವ ಬ್ಲರ್ ರಿಡಕ್ಷನ್ ಆನ್ ಮಾಡಿ ನೋಡಿದೆ. ಪರದೆಯ ನಡುವೆ ಚಿತ್ರ ಚೊಕ್ಕ, ಕೆಳಗೆ ಬಂದಂತೆ ಹಿಂದೊಂದು ನೆರಳು. ಪ್ಯಾನೆಲ್ ಕೆಟ್ಟಿರಲಿಲ್ಲ. ಹಳೆಯ ಟ್ಯೂಬಿನಲ್ಲಿ ಚಿತ್ರ ಕ್ಷಣ ಹೊಳೆದು ಆರುತ್ತಿತ್ತು, ಹೀಗಾಗಿ ಕ್ರಿಕೆಟ್ ಚೆಂಡು ಮಸುಕಾಗುತ್ತಿರಲಿಲ್ಲ. ಎಲ್‌ಸಿಡಿಯಲ್ಲಿ ಹಾಗಲ್ಲ: 144 ಹರ್ಟ್ಸ್‌ನಲ್ಲಿ ಪ್ರತಿ ಫ್ರೇಮ್, ಅಂದರೆ ಒಂದೊಂದು ಚಿತ್ರ, ಸುಮಾರು 7 ಮಿಲಿಸೆಕೆಂಡ್ ಹಾಗೇ ನಿಲ್ಲುತ್ತದೆ. ಕಣ್ಣು ಮುಂದೆ ಸಾಗುತ್ತದೆ, ಚಿತ್ರ ನಿಂತಿರುತ್ತದೆ, ಮಸುಕು ಬೀಳುತ್ತದೆ. ಇದನ್ನು ತಪ್ಪಿಸಲು ಪಿಕ್ಸೆಲ್ ಬದಲಾಗುವವರೆಗೆ ಹಿಂಬದಿಯ ದೀಪ ಆರಿಸಿ, ಆಮೇಲೆ ಒಮ್ಮೆ ಮಿಂಚಿಸುತ್ತಾರೆ. ಮಿಂಚು ತುಸು ಮೊದಲೇ ಬಂದರೆ ಹಿಂದಿನ ಫ್ರೇಮಿನ ನೆರಳೂ ಕಾಣುತ್ತದೆ. ಆ ಹೊತ್ತನ್ನು ನಿರ್ಧರಿಸುವುದು ಮಾನಿಟರಿನೊಳಗೇ ಇರುವ ತಂತ್ರಾಂಶ, ಅಂದರೆ ಫರ್ಮ್‌ವೇರ್. ಸೋಲ್ಡರಿಂಗ್ ಕಡ್ಡಿಗೆ ಇಲ್ಲಿ ಕೆಲಸವೇ ಇಲ್ಲ.

ಕಂಪನಿಗೆ ಫೋನ್ ಮಾಡಿದರೆ, ಹೊಸ ಫರ್ಮ್‌ವೇರ್‌ನಲ್ಲಿ ಸರಿಯಾಗಿದೆ, ಆದರೆ ಫೈಲ್ ಕೊಡುವುದಿಲ್ಲ, ಮಾನಿಟರನ್ನು ಮೂಲ ಬಾಕ್ಸಿನಲ್ಲೇ ಬೆಂಗಳೂರಿಗೆ ಕಳಿಸಿ ಎಂದರು. ಬಾಕ್ಸು, ಥರ್ಮಾಕೋಲ್ ಆಗಲೇ ರದ್ದಿಯವನ ಪಾಲಾಗಿದ್ದವು. ಪಾರ್ಸೆಲ್‌ನಲ್ಲಿ ಪ್ಯಾನೆಲ್ ಸೀಳಿದರೆ ಯಾರು ಹೊಣೆ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ.

ಯುಎಸ್‌ಬಿ ಮೂಲಕ ಮನೆಯಲ್ಲೇ ಅಪ್‌ಡೇಟ್ ಮಾಡಿಕೊಳ್ಳಬಹುದಾದ ಮಾನಿಟರ್‌ಗಳು ಮಾರುಕಟ್ಟೆಯಲ್ಲಿವೆ. 2023ರಲ್ಲಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾ ತನ್ನ ಯುಎಲ್‌ಎಂಬಿ 2 ಎಂಬ ಬ್ಲರ್ ರಿಡಕ್ಷನ್ನನ್ನು ಅದಾಗಲೇ ಮಾರಾಟದಲ್ಲಿದ್ದ ಏಸರ್, ಏಸಸ್ ಮಾನಿಟರ್‌ಗಳಿಗೆ ಫರ್ಮ್‌ವೇರ್ ಮೂಲಕವೇ ಕೊಟ್ಟಿತು. ದುಬಾರಿ ಮಾನಿಟರ್‌ಗೆ ಸಿಗುವ ಸೌಲಭ್ಯ ಅಗ್ಗದ್ದಕ್ಕೆ ಯಾಕಿಲ್ಲ? ಫರ್ಮ್‌ವೇರ್‌ನಿಂದ ಎಲ್ಲವೂ ಸರಿಹೋಗದು ನಿಜ. ಪಿಕ್ಸೆಲ್ಲೇ ನಿಧಾನವಿರುವ ವಿಎ ಎಂಬ ಬಗೆಯ ಪ್ಯಾನೆಲ್ಲಿನಲ್ಲಿ ಓಡುವ ಚಿತ್ರದ ಹಿಂದೆ ಕಾಣುವ ಕಪ್ಪು ಬಾಲ ಪೂರ್ತಿ ಹೋಗುವುದಿಲ್ಲ.

ಇನ್ನು ಬಾಕ್ಸಿನ ಆ "ಒಂದು ಮಿಲಿಸೆಕೆಂಡ್". ಅದು ಪಿಕ್ಸೆಲ್ ಬಣ್ಣ ಬದಲಿಸುವ ವೇಗವೋ, ಕಣ್ಣಿಗೆ ಕಾಣುವ ಮಸುಕಿನ ಅವಧಿಯೋ? ಎರಡನೆಯದಾದರೆ 144 ಹರ್ಟ್ಸ್‌ನಲ್ಲಿ ದೀಪ ಮಿಂಚಿಸದೆ ಸಾಧ್ಯವಿಲ್ಲ. ಮಿಂಚಿಸಿದರೆ ಬೆಳಕು ಕುಗ್ಗುತ್ತದೆ, ಬಹಳಷ್ಟು ಮಾನಿಟರ್‌ಗಳಲ್ಲಿ ಗೇಮಿನ ವೇಗಕ್ಕೆ ಮಾನಿಟರ್ ಹೊಂದಿಕೊಳ್ಳುವ ಅಡಾಪ್ಟಿವ್ ಸಿಂಕ್ ಬಂದ್ ಆಗುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಎಷ್ಟೋ ಜನರಿಗೆ ಗೊತ್ತೂ ಇಲ್ಲ.

ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಮಾನಿಟರ್ ಫರ್ಮ್‌ವೇರ್ ಫೈಲು, ಹಾಕುವ ವಿಧಾನ ಅಲ್ಲಿ ಸಿಗುವಂತೆ ಕಂಪನಿಗಳಿಗೆ ಹೇಳಲಿ. ಬಾಕ್ಸಿನ ಮೇಲೆ ಪಿಕ್ಸೆಲ್ ವೇಗ, ಮಸುಕಿನ ಅವಧಿ ಎರಡೂ ಅಂಕಿಗಳನ್ನು ಬೇರೆಬೇರೆ ಅಚ್ಚು ಹಾಕಿಸಲಿ. ಅಲ್ಲಿಯವರೆಗೆ ಹುಡುಗರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ.

– ಒಬ್ಬ ಟಿ.ವಿ. ಮೆಕ್ಯಾನಿಕ್, ನವನಗರ, ಬಾಗಲಕೋಟೆ