ಮಗಳಿಗೊಂದು ಪತ್ರ: ಗಡಿಬಿಡಿಯ ವಾರ ಮತ್ತು ಸೂಚನಾ ಪುಸ್ತಕ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅವ್ವನೂ ಕ್ಷೇಮವಾಗಿದ್ದೇವೆ. ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆನೇ ಹೊರತು ಸರಿಯಾದ ಉತ್ತರ ಕೊಡಲಾಗಲಿಲ್ಲ. ಫೋನಿನಲ್ಲಿ ಬುದ್ಧಿ ಹೇಳಲು ಹೊರಟರೆ ನನ್ನ ದನಿ ತಾನಾಗಿಯೇ ಹೆಡ್‌ಮಾಸ್ತರನ ದನಿಯಾಗಿಬಿಡುತ್ತದೆ ಎಂದು ನಿನ್ನ ಅವ್ವ ದೂರುತ್ತಾಳೆ. ಅದಕ್ಕಾಗಿಯೇ ಈ ಭಾನುವಾರ ಬೆಳಿಗ್ಗೆ ಕಾಗದ ಹಿಡಿದು ಕುಳಿತಿದ್ದೇನೆ. ಅಂಚೆಗೆ ಹಾಕಿದರೆ ಸ್ವಾತಂತ್ರ್ಯೋತ್ಸವ ಮುಗಿದ ಮೇಲೆ ನಿನ್ನ ಕೈ ಸೇರೀತು, ಆಗ ಇದಕ್ಕೂ ನಮ್ಮ ಇಲಾಖೆಯ ‘ಅತಿ ಜರೂರು’ ಪತ್ರಗಳಿಗೂ ವ್ಯತ್ಯಾಸವಿರುವುದಿಲ್ಲ. ಆದ್ದರಿಂದ ಹಾಳೆಗಳ ಫೋಟೋ ತೆಗೆದು ಈಗಲೇ ಕಳಿಸುತ್ತೇನೆ.

ನೀನು ನಿಮ್ಮ ಪ್ರೌಢಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ಪ್ರಭಾರ ವಹಿಸಿಕೊಂಡು ಇನ್ನೂ ಹತ್ತು ದಿನ ತುಂಬಿಲ್ಲ, ಅಷ್ಟರಲ್ಲಿ ಆಗಸ್ಟ್ ತಿಂಗಳ ಎರಡನೆಯ ವಾರ ಎದುರಿಗೆ ಬಂದು ನಿಂತಿದೆ. ನೀನು ಎಣಿಸಿ ಹೇಳಿದ ಕ್ರಮದಲ್ಲಿಯೇ ಬರೆಯುವುದಾದರೆ ಸೋಮವಾರ ಜಂತುಹುಳು ನಿವಾರಣೆಯ ಮಾತ್ರೆ, ಮಂಗಳವಾರ ಮತ್ತು ಬುಧವಾರ ವಿಜ್ಞಾನ ಶಿಕ್ಷಕರಿಗೆ ತಾಲ್ಲೂಕು ಕೇಂದ್ರದಲ್ಲಿ ತರಬೇತಿ, ಬುಧವಾರವೇ ವಲಯ ಮಟ್ಟದ ಕ್ರೀಡಾಕೂಟ, ಗುರುವಾರ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಶುಕ್ರವಾರ ಧ್ವಜಾರೋಹಣ, ಮತ್ತು ಶನಿವಾರದೊಳಗೆ ಮೊದಲ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳೆಲ್ಲ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ದಾಖಲಾಗಬೇಕು. ಇವುಗಳ ನಡುವೆ ಪಾಠಗಳ ತಪಾಸಣೆಗೆ ವಿಷಯ ಪರಿವೀಕ್ಷಕರು ಯಾವ ದಿನ ಬರುತ್ತಾರೋ ತಿಳಿಯದು. ಇಷ್ಟನ್ನೂ ಹೇಳಿದ ಮೇಲೆ ನೀನು ಒಂದು ಮಾತು ಆಡಿದೆ: “ಕೆಲಸ ಮಾಡಿಸುವುದು ಕಷ್ಟವಲ್ಲಪ್ಪಾ, ಎಲ್ಲರೂ ‘ನನಗೆ ಗೊತ್ತೇ ಇರಲಿಲ್ಲ’ ಅನ್ನುತ್ತಾರೆ.” ನಾನು ಉತ್ತರ ಬರೆಯಬೇಕೆಂದಿರುವುದು ಆ ಒಂದು ಮಾತಿಗೆ ಮಾತ್ರ.

ಆ ಮಾತನ್ನು ನೆಪವೆಂದು ತಿಳಿಯಬೇಡ. ನಾನು ಹೆಡ್‌ಮಾಸ್ತರನಾದ ಮೊದಲ ವರ್ಷ ಹಾಗೆಯೇ ತಿಳಿದಿದ್ದೆ. ಸೂಚನಾ ಪುಸ್ತಕದಲ್ಲಿ ನಾನು ಬರೆಯುತ್ತಿದ್ದೆ, ನಮ್ಮ ಡಿ ದರ್ಜೆಯ ನೌಕರ ಅದನ್ನು ಹಿಡಿದು ತರಗತಿಯಿಂದ ತರಗತಿಗೆ ಹೋಗುತ್ತಿದ್ದ, ಶಿಕ್ಷಕರು ಒಂದು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸಹಿ ಹಾಕಿ ಕಳಿಸುತ್ತಿದ್ದರು. ಸಂಜೆ ಪುಸ್ತಕ ಮರಳಿ ಬಂದಾಗ ಹನ್ನೊಂದು ಸಹಿಗಳನ್ನು ಕಂಡು ಎಲ್ಲರಿಗೂ ತಿಳಿಯಿತೆಂದು ನಾನು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆ. ಪಾಠದ ನಡುವೆ ಸಹಿ ಹಾಕಿದವರು ಓದಿರುವುದಿಲ್ಲ, ಓದಿದ್ದರೂ ನೆನಪಿರುವುದಿಲ್ಲ ಎಂಬುದು ನನಗೆ ತಿಳಿಯಲು ಒಂದು ಕ್ರೀಡಾಕೂಟ ಕೆಡಬೇಕಾಯಿತು. ನಿಮ್ಮ ಕಾಲದ ವಾಟ್ಸಾಪ್ ಗುಂಪಿನಲ್ಲಿ ನೀಲಿ ಗೆರೆ ಬಿದ್ದರೂ ಅಷ್ಟೇ ಎಂದು ನನ್ನ ಅನುಮಾನ.

ಆ ಕ್ರೀಡಾಕೂಟದ ಕಥೆಯನ್ನು ನಿನಗೆ ಇದುವರೆಗೆ ಹೇಳಿಲ್ಲ, ಏಕೆಂದರೆ ಅದರಲ್ಲಿ ನಿನ್ನ ಅಪ್ಪನ ಪಾತ್ರ ಹೆಮ್ಮೆಪಡುವಂತಹುದಲ್ಲ. ಕೂಟವನ್ನು ಒಂದು ದಿನ ಮುಂಚಿತವಾಗಿ ನಡೆಸುವುದೆಂದು ಹಿಂದಿನ ಸಂಜೆ ಫೋನ್ ಬಂತು. ದೈಹಿಕ ಶಿಕ್ಷಕರಿಗೆ ಹೇಳಿದೆ, ಅವರು ಮಕ್ಕಳಿಗೆ ಸುದ್ದಿ ಮುಟ್ಟಿಸಿದರು, ಬೆಳಿಗ್ಗೆ ಏಳು ಗಂಟೆಗೆ ಅರವತ್ತು ಮಕ್ಕಳು ಟ್ರ್ಯಾಕ್ಸ್ ಗಾಡಿಗಳಲ್ಲಿ ಹೊರಟೂ ಹೋದರು. ಒಂಬತ್ತೂವರೆಗೆ ಶಾಲೆಗೆ ಬಂದ ಗಣಿತದ ಮೇಷ್ಟ್ರು ಹತ್ತನೇ ತರಗತಿಯ ಕಿರುಪರೀಕ್ಷೆಗೆಂದು ರಾತ್ರಿಯೆಲ್ಲ ಕುಳಿತು ಕೈಯಲ್ಲಿ ಬರೆದ ಪ್ರಶ್ನೆಪತ್ರಿಕೆಗಳನ್ನು ಹಿಡಿದು ಅರ್ಧ ಖಾಲಿಯಾದ ಕೋಣೆಯ ಮುಂದೆ ನಿಂತರು. ಅವರು ಏನೂ ಅನ್ನಲಿಲ್ಲ. ಪ್ರಶ್ನೆಪತ್ರಿಕೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, ನನ್ನನ್ನು ನೋಡದೆ ಹೋದರು. ಆಮೇಲೆ ಒಂದು ತಿಂಗಳವರೆಗೆ ನನ್ನೊಡನೆ ಕೆಲಸದ ಮಾತನ್ನು ಬಿಟ್ಟು ಬೇರೆ ಮಾತನಾಡಲಿಲ್ಲ.

ಮಧ್ಯಾಹ್ನ ಇನ್ನೊಂದು ಕಾದಿತ್ತು. ಅಡುಗೆಯವರು ದಿನದಂತೆ ಎಲ್ಲ ಮಕ್ಕಳ ಲೆಕ್ಕಕ್ಕೆ ಅಕ್ಕಿ ಹಾಕಿದ್ದರು. ಪ್ರೌಢಶಾಲೆಯ ಮಗುವೊಂದಕ್ಕೆ 150 ಗ್ರಾಂ ಅಕ್ಕಿಯೆಂದರೆ ಅರವತ್ತು ಮಕ್ಕಳಿಗೆ 9 ಕಿಲೋ. ಆ ಅನ್ನವನ್ನು ಯಾರ್ಯಾರ ಮನೆಗೋ ಕೊಟ್ಟೆವು, ಉಳಿದದ್ದು ದನಗಳ ಪಾಲಾಯಿತು. ಮುಖ್ಯ ಅಡುಗೆಯವರಾಗಿದ್ದ ಹಿರಿಯ ಹೆಣ್ಣುಮಗಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, “ಸರ, ನಮಗೂ ಒಂದ್ ಮಾತು ಹೇಳಬೇಕಿತ್ತಲ್ರಿ” ಎಂದರು. ಮೂವತ್ತು ವರ್ಷಗಳ ನೌಕರಿಯಲ್ಲಿ ಮೇಲಧಿಕಾರಿಗಳಿಂದ ಎಷ್ಟೋ ನೋಟೀಸುಗಳನ್ನು ಪಡೆದಿದ್ದೇನೆ. ಯಾವುದೂ ಅಷ್ಟು ನಾಟಲಿಲ್ಲ.

ಹೀಗಾಗಿ ನಿನಗೆ ಮೊದಲು ಹೇಳಬೇಕಾದದ್ದು ಅಡುಗೆಮನೆಯ ವಿಷಯ. ಈಗಂತೂ ಅನ್ನದ ಜೊತೆಗೆ ಬೆಳಗಿನ ಹಾಲೂ ಮೊಟ್ಟೆಯೂ ಇವೆ. ಕ್ಷೀರಭಾಗ್ಯದ ಹಾಲಿನ ಪುಡಿಯನ್ನು ಒಮ್ಮೆ ನೀರಿಗೆ ಕಲಸಿ ಕಾಯಿಸಿದ ಮೇಲೆ ಪೊಟ್ಟಣಕ್ಕೆ ಮರಳಿ ತುಂಬಲಾಗದು, ಬೇಯಿಸಿದ ಮೊಟ್ಟೆಯನ್ನು ನಾಳಿನ ಲೆಕ್ಕಕ್ಕೆ ಇಡಲಾಗದು. ಬುಧವಾರ ಎಷ್ಟು ಮಕ್ಕಳು ಆಟಕ್ಕೆ ಹೋಗುತ್ತಾರೆ, ಅವರು ಹೊರಡುವ ಮೊದಲು ಹಾಲು ಬೇಕೋ ಬೇಡವೋ, ಎಷ್ಟು ಮಂದಿ ಶಾಲೆಯಲ್ಲಿ ಉಣ್ಣುತ್ತಾರೆ ಎಂಬ ಸಂಖ್ಯೆಗಳನ್ನು ಅಡುಗೆಯವರಿಗೆ ನೀನೇ ಹೋಗಿ ಹೇಳು. ಅವರು ನಿಮ್ಮ ವಾಟ್ಸಾಪ್ ಗುಂಪಿನಲ್ಲಿಲ್ಲ, ಸೂಚನಾ ಪುಸ್ತಕ ಅವರ ಬಳಿಗೆ ಹೋಗುವುದಿಲ್ಲ, ಸಿಬ್ಬಂದಿ ಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ. ಅತಿಥಿ ಶಿಕ್ಷಕರ ಪಾಡೂ ಬಹುತೇಕ ಇದೇ. ಜೂನ್ ಕಳೆದ ಮೇಲೆ ಬಂದವರನ್ನು ಗುಂಪಿಗೆ ಸೇರಿಸಲು ಮರೆತಿರುತ್ತೇವೆ, ಆಮೇಲೆ ಅವರು ಖಾಲಿ ತರಗತಿಯ ಮುಂದೆ ನಿಂತಾಗ ‘ನಿಮಗೆ ಯಾರೂ ಹೇಳಲಿಲ್ಲವೇ’ ಎಂದು ನಾವೇ ಕೇಳುತ್ತೇವೆ.

ಆ ಪ್ರಸಂಗವಾದ ಮೇಲೆ ನಾನು ಮಾಡಿಕೊಂಡ ಏರ್ಪಾಡು ಬಹಳ ಸರಳವಾದದ್ದು. ಶನಿವಾರ ಕೊನೆಯ ಪಿರಿಯಡ್ ಮುಗಿದ ಮೇಲೆ ಹದಿನೈದು ನಿಮಿಷ ಎಲ್ಲರೂ ಶಿಕ್ಷಕರ ಕೊಠಡಿಯಲ್ಲಿ ಸೇರುತ್ತಿದ್ದೆವು. ಕುಳಿತರೆ ಚಹಾ ಬರುತ್ತದೆ, ಚಹಾ ಬಂದರೆ ಒಂದು ಗಂಟೆಯಾಗುತ್ತದೆ ಎಂಬ ಕಾರಣಕ್ಕೆ ನಿಂತೇ ಮಾತನಾಡುತ್ತಿದ್ದೆವು. ಅಲ್ಲಿದ್ದ ಹಳೆಯ ಕಪ್ಪುಹಲಗೆಯ ಮೇಲೆ ಮುಂದಿನ ವಾರದ ಒಂದೊಂದು ದಿನಕ್ಕೂ ಒಂದೊಂದು ಸಾಲು: ಏನು ನಡೆಯುತ್ತದೆ, ಯಾರು ಹೊಣೆ, ಯಾರು ಶಾಲೆಯಲ್ಲಿರುವುದಿಲ್ಲ, ಅವರ ಪಿರಿಯಡ್‌ಗಳನ್ನು ಯಾರು ತೆಗೆದುಕೊಳ್ಳುತ್ತಾರೆ. ವಾರದ ನಡುವೆ ಏನಾದರೂ ಬದಲಾದರೆ ಹಳೆಯ ಸಾಲನ್ನು ಅಳಿಸುತ್ತಿರಲಿಲ್ಲ. ಅದರ ಮೇಲೆ ಗೆರೆ ಎಳೆದು, ಕೆಳಗೆ ಕೆಂಪು ಸೀಮೆಸುಣ್ಣದಲ್ಲಿ ಹೊಸದನ್ನು ಬರೆಯುತ್ತಿದ್ದೆ. ಅಳಿಸಿ ಬರೆದರೆ ಮೊದಲು ಓದಿ ಹೋದವನು ಮತ್ತೆ ಹಲಗೆಯತ್ತ ನೋಡುವುದಿಲ್ಲ. ಗೆರೆ ಎಳೆದದ್ದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಸೂಚನಾ ಪುಸ್ತಕವನ್ನು ನಾನು ನಿಲ್ಲಿಸಲಿಲ್ಲ, ತಪಾಸಣೆಗೆ ಅದು ಬೇಕು; ಆದರೆ ಅದನ್ನು ತರಗತಿಗಳಿಗೆ ಕಳಿಸುವುದನ್ನು ಬಿಟ್ಟು, ಬೆಳಿಗ್ಗೆ ಹಾಜರಿ ಪುಸ್ತಕದ ಪಕ್ಕದಲ್ಲಿ ತೆರೆದಿಡುವ ರೂಢಿ ಮಾಡಿದೆ.

ಈ ವಾರಕ್ಕೆ ಶನಿವಾರ ದಾಟಿಹೋಗಿದೆ. ನಾಳೆ ಪ್ರಾರ್ಥನೆಗೆ ಮುಂಚೆ ಹದಿನೈದು ನಿಮಿಷ ಬೇಗ ಬರುವಂತೆ ಇವತ್ತೇ ಎಲ್ಲರನ್ನೂ ಕೇಳಿಕೋ. ಮಾತ್ರೆಯ ವಿಷಯವನ್ನು ಅಲ್ಲಿ ಬಾಯಿಮಾತಿನಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯನ್ನು ಮಕ್ಕಳು ಚೀಪಿ ಅಗಿದು ನುಂಗಬೇಕು, ಶಿಕ್ಷಕರ ಕಣ್ಣೆದುರಿಗೇ ತಿನ್ನಬೇಕು, ಜೇಬಿನಲ್ಲಿಟ್ಟು ಮನೆಗೆ ಒಯ್ಯಬಾರದು. ಜ್ವರವಿರುವ ಅಥವಾ ಬೇರೆ ಔಷಧ ತೆಗೆದುಕೊಳ್ಳುತ್ತಿರುವ ಮಗುವಿಗೆ ಅಂದು ಕೊಡಬಾರದು. ಗೈರಾದವರ ಹೆಸರನ್ನು ಬರೆದಿಟ್ಟುಕೊಂಡು ಅವರಿಗೆ ಕೆಲವೇ ದಿನಗಳಲ್ಲಿ ಬರುವ ಮರುಸುತ್ತಿನಲ್ಲಿ ಕೊಡಿಸಬೇಕು. ಇದನ್ನು ತರಗತಿ ಶಿಕ್ಷಕರಿಗೆ ಹೇಳದೆ ಪಿ.ಡಿ.ಎಫ್. ಕಳಿಸಿ ಕೈತೊಳೆದುಕೊಂಡರೆ, ಯಾವುದೋ ಮಗುವಿಗೆ ಹೊಟ್ಟೆ ತೊಳಸಿದಾಗ ಇಡೀ ಶಾಲೆ ಗಾಬರಿಯಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಫೋನ್ ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಡು.

ಪಿ.ಡಿ.ಎಫ್. ಎಂದಾಗ ನೆನಪಾಯಿತು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಬರುವ ಸುತ್ತೋಲೆಗಳನ್ನು ಬಂದಂತೆಯೇ ಗುಂಪಿಗೆ ತಳ್ಳುತ್ತೀಯೆಂದು ಹೇಳಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ, ಮೂರು ಉಲ್ಲೇಖಗಳನ್ನು ದಾಟಿ, ನಾಲ್ಕನೆಯ ಪುಟದಲ್ಲಿ ಕೊನೆಯ ದಿನಾಂಕ ಹೇಳುವ ಪತ್ರವನ್ನು ಐದು ಪಿರಿಯಡ್ ಪಾಠ ಮಾಡಿ ಬಸ್ಸು ಹಿಡಿಯುವವರು ಓದುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅದನ್ನು ಓದುವುದು ನಿನ್ನ ಕೆಲಸ. ಓದಿದ ಮೇಲೆ ಏನು ಮಾಡಬೇಕು, ಯಾರು ಮಾಡಬೇಕು, ಯಾವ ದಿನದೊಳಗೆ ಎಂಬ ಮೂರನ್ನು ಸರಳ ಕನ್ನಡದಲ್ಲಿ ಬರೆದು, ಅದರ ಕೆಳಗೆ ಸುತ್ತೋಲೆಯನ್ನು ಲಗತ್ತಿಸು. ಅಂಕಗಳ ವಿಷಯದಲ್ಲಿಯೂ ಹಾಗೆಯೇ. ಶನಿವಾರ ಕೊನೆಯ ದಿನವೆಂದರೆ ಶನಿವಾರ ಸಂಜೆ ಎಲ್ಲ ಶಾಲೆಗಳವರೂ ಒಟ್ಟಿಗೆ ಲಾಗಿನ್ ಮಾಡಲು ಹೊರಡುತ್ತಾರೆ, ಆಗ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಗುರುವಾರದೊಳಗೆ ಅಂಕಪಟ್ಟಿ ನಿನ್ನ ಕೈಗೆ ಬರಬೇಕೆಂದು ಹೇಳು, ಗುರುವಾರ ಏಕೆಂಬುದನ್ನೂ ಹೇಳು. ಕಾರಣ ತಿಳಿಸದೆ ದಿನಾಂಕವನ್ನು ಹಿಂದಕ್ಕೆ ಎಳೆದರೆ, ಹೊಸ ಹೆಡ್‌ಮಿಸ್ಟ್ರೆಸ್ ದರ್ಪ ತೋರಿಸುತ್ತಿದ್ದಾಳೆ ಎಂಬ ಅರ್ಥ ಬರುತ್ತದೆ.

ನಿನ್ನ ಅಂಜಿಕೆಯೂ ಅದೇ ಎಂದು ನನಗೆ ಗೊತ್ತು. ಸೇವಾ ಹಿರಿತನದಲ್ಲಿ ನೀನು ಮುಂದಿದ್ದರೂ ವಯಸ್ಸಿನಲ್ಲಿ ನಿನಗಿಂತ ದೊಡ್ಡವರು ಅಲ್ಲಿ ಇಬ್ಬರಿದ್ದಾರೆ, ಮೊನ್ನೆಯವರೆಗೆ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು ಡಬ್ಬಿ ಹಂಚಿಕೊಂಡವಳು ನೀನು. ಆ ಸಲುಗೆಯಿಂದಲೇ ಒಂದು ತೊಡಕು ಹುಟ್ಟುತ್ತದೆ. ಆಪ್ತರಾದವರಿಗೆ ಊಟದ ಹೊತ್ತಿನಲ್ಲಿ ಸುದ್ದಿ ಮೊದಲೇ ತಿಳಿದುಬಿಡುತ್ತದೆ, ಉಳಿದವರು ಅವರ ಬಾಯಿಂದ ಕೇಳುತ್ತಾರೆ, ಮೂರನೆಯವರನ್ನು ತಲುಪುವಷ್ಟರಲ್ಲಿ ಬುಧವಾರ ಗುರುವಾರವಾಗಿರುತ್ತದೆ. ನಾನು ಕಂಡ ಶಾಲೆಗಳಲ್ಲಿ ಶಿಕ್ಷಕರು ಮುನಿಸಿಕೊಂಡದ್ದು ಕೆಲಸ ಹೆಚ್ಚಾಯಿತೆಂದು ಅಪರೂಪ. ತನಗಿಂತ ಮೊದಲು ಇನ್ನೊಬ್ಬರಿಗೆ ತಿಳಿಯಿತೆಂದು ಮುನಿಸಿಕೊಂಡವರೇ ಹೆಚ್ಚು. ಎಲ್ಲರಿಗೂ ಸಂಬಂಧಿಸಿದ ಮಾತನ್ನು ಎಲ್ಲರೂ ಇರುವಾಗಲೇ ಆಡು. ಹಿರಿಯರಿಬ್ಬರಿಗೆ ಮೊದಲೇ ತಿಳಿಸಬೇಕೆನಿಸಿದರೆ ಅವರ ಸಲಹೆ ಕೇಳುವುದಕ್ಕಾಗಿ ತಿಳಿಸು, ಹಾಗೆ ಕೇಳಿದ್ದೆನೆಂದು ಸಭೆಯಲ್ಲಿ ಬಾಯಿಬಿಟ್ಟು ಹೇಳು. ಯಾರನ್ನಾದರೂ ತಿದ್ದಬೇಕಾದರೆ ಮಾತ್ರ ಕೋಣೆಗೆ ಕರೆದು ಹೇಳು, ಸೂಚನಾ ಪುಸ್ತಕಕ್ಕೆ ಅದನ್ನು ಎಳೆಯಬೇಡ. ‘ಕೆಲವು ಶಿಕ್ಷಕರು ತಡವಾಗಿ ಬರುತ್ತಿರುವುದು ಗಮನಕ್ಕೆ ಬಂದಿದೆ’ ಎಂದು ನಾನೊಮ್ಮೆ ಬರೆದಿದ್ದೆ. ತಡವಾಗಿ ಬರುತ್ತಿದ್ದವರೊಬ್ಬರನ್ನು ಬಿಟ್ಟು ಉಳಿದ ಹತ್ತೂ ಜನ ನೊಂದುಕೊಂಡರು.

ವಿಷಯ ಪರಿವೀಕ್ಷಕರ ಭೇಟಿಯ ಬಗ್ಗೆ ಏನು ಹೇಳಲಿ ಎಂದು ಕೇಳಿದೆ. ತಿಳಿದಿಲ್ಲವೆಂದೇ ಹೇಳು. “ಅವರು ಬರುವ ದಿನ ನನಗೂ ತಿಳಿದಿಲ್ಲ, ಬುಧವಾರ ಸಂಜೆಯೊಳಗೆ ವಿಚಾರಿಸಿ, ತಿಳಿದರೂ ತಿಳಿಯದಿದ್ದರೂ ಗುರುವಾರ ಬೆಳಿಗ್ಗೆ ಹಲಗೆಯ ಮೇಲೆ ಬರೆಯುತ್ತೇನೆ” ಎಂದರೆ ಅವರು ಅಷ್ಟಕ್ಕೆ ಸಮಾಧಾನಪಡುತ್ತಾರೆ. ನೀನು ಸುಮ್ಮನಿದ್ದರೆ ಪಕ್ಕದ ಶಾಲೆಯವರಿಗೆ ಫೋನು ಹೋಗುತ್ತದೆ, ಅಲ್ಲಿಂದ ಬಂದ ಗಾಳಿಸುದ್ದಿಗೆ ಹೆದರಿ ಪಾಠಯೋಜನೆ ಬರೆಯಲು ಎಲ್ಲರೂ ಪಾಠವನ್ನೇ ನಿಲ್ಲಿಸುತ್ತಾರೆ.

ಎಸ್.ಡಿ.ಎಂ.ಸಿ. ಸಭೆಗೆ ಹೆಚ್ಚೇನೂ ಬೇಡ. ಯಾವ ಇಬ್ಬರು ಶಿಕ್ಷಕರು ಕುಳಿತುಕೊಳ್ಳಬೇಕೆಂಬುದನ್ನು ಮೊದಲೇ ಗೊತ್ತುಮಾಡು. ಶುಕ್ರವಾರದ ಕೆಲಸ ಹಂಚುವಾಗ ಮಾತ್ರ ಸ್ವಲ್ಪ ನಿಧಾನಿಸು. ಭಾಷಣ, ನೃತ್ಯ, ಸಿಹಿ ಹಂಚುವುದು, ಅತಿಥಿಗಳನ್ನು ಕರೆತರುವುದು ಇವಕ್ಕೆಲ್ಲ ಹೆಸರುಗಳು ತಾವಾಗಿಯೇ ಮುಂದೆ ಬರುತ್ತವೆ. ಬಾವುಟ ಎಲ್ಲಿಯೂ ಹರಿದಿಲ್ಲವೆಂದು, ಕೇಸರಿ ಮೇಲೆ ಬರುವಂತೆ ಕಟ್ಟಿದೆಯೆಂದು, ಹಗ್ಗ ರಾಟೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲವೆಂದು ಗುರುವಾರ ಸಂಜೆ ಯಾರು ನೋಡುತ್ತಾರೆ? ನಮ್ಮ ಶಾಲೆಗೆ ಹುಬ್ಬಳ್ಳಿಯ ಬೆಂಗೇರಿಯಿಂದ ತಂದ ಖಾದಿ ಬಾವುಟವನ್ನು ನಾನೇ ಕೈಯಾರೆ ಬಿಚ್ಚಿ ನೋಡುತ್ತಿದ್ದೆ, ಅದು ನನ್ನ ಚಟ. ನೀನು ಬೇರೆಯವರಿಗೆ ವಹಿಸಬಹುದು. ಅದಕ್ಕಿಂತ ಮುಖ್ಯವಾಗಿ, ಹನ್ನೊಂದು ಗಂಟೆಗೆ ಎಲ್ಲರೂ ಮನೆಗೆ ಹೋದ ಮೇಲೆ ಸೂರ್ಯಾಸ್ತದ ಹೊತ್ತಿಗೆ ಬಾವುಟವನ್ನು ಇಳಿಸುವವರು ಯಾರು? ಏರಿಸುವವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿರುತ್ತದೆ. ಇಳಿಸುವವರ ಹೆಸರನ್ನು ಹಲಗೆಯ ಮೇಲೆ ನೀನು ಬರೆಯದಿದ್ದರೆ, ಎಲ್ಲರೂ ಡಿ ದರ್ಜೆಯವನು ನೋಡಿಕೊಳ್ಳುತ್ತಾನೆಂದು ತಿಳಿಯುತ್ತಾರೆ, ಅವನು ಶಾಲೆಯ ಹತ್ತಿರವೇ ಮನೆಯಿರುವ ಮೇಷ್ಟ್ರು ನೋಡಿಕೊಳ್ಳುತ್ತಾರೆಂದು ತಿಳಿಯುತ್ತಾನೆ.

ನಿನ್ನ ಅವ್ವ ಚಕ್ಕುಲಿ ಮಾಡಿಟ್ಟಿದ್ದಾಳೆ, ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಬಾ. ಈ ಪತ್ರ ಓದಿ ಮುಗಿಸಿದ ಮೇಲೆ ನನಗೆ ಫೋನ್ ಮಾಡುವುದಕ್ಕೆ ಮುಂಚೆ ನಿಮ್ಮ ಮುಖ್ಯ ಅಡುಗೆಯವರ ಮನೆಗೆ ಫೋನ್ ಮಾಡಿ, ಬುಧವಾರದ ಲೆಕ್ಕ ಹೇಳಿಬಿಡು.

ಇಂತು ನಿನ್ನ,
ಅಪ್ಪ