ಗೆಳೆಯನಿಗೊಂದು ಪತ್ರ: ಆ ಬೆಲ್ಟ್ ಬಿಚ್ಚು ಮಾರಾಯ

ಪ್ರೀತಿಯ ಗೆಳೆಯ,

ನಿನ್ನ ರ್‍ಯಾಲಿ ಕಾರು ಬಿಳಿ ಎಮ್ಮೆಗೆ ಕೊನೆಗೂ ಹಾರ್ನೆಸ್, ಅಂದ್ರೆ ರೇಸಿನ ಸೀಟ್ ಬೆಲ್ಟ್, ಬಂತು ಅಂತ ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಒಳಗಿನ ಪೈಪಿನ ಪಂಜರ, ರೋಲ್ ಕೇಜಿನ ವೆಲ್ಡಿಂಗ್ ಚೆಂದ ಬಂದಿದೆ. ಬಣ್ಣದ ಬಗ್ಗೆ ನಾವಿಬ್ಬರೂ ಆಡಬೇಕಾದ ಜಗಳ ಆಡಿ ಆಗಿದೆ, ಮತ್ತೆ ಬೇಡ. ನನ್ನ ಕಣ್ಣು ಹೋಗಿ ನಿಂತದ್ದು ಸೊಂಟದ ಬೆಲ್ಟಿನ ಮೇಲೆ. ಗ್ಯಾರೇಜಿನವರು ಅದನ್ನು ಸೀಟಿನ ಬ್ರ್ಯಾಕೆಟ್ಟಿಗೇ ಬೋಲ್ಟ್ ಮಾಡಿದ್ದಾರೆ. ಪಟ್ಟಿಯ ಉದ್ದ ಹೊಂದಿಸುವ ಅಡ್ಜಸ್ಟರ್ ಸೀಟಿನ ತೂತಿನ ಅಂಚಿಗೆ ಓರೆಯಾಗಿ ಒತ್ತಿಕೊಂಡಿದೆ. ಅದನ್ನು ಕಂಡಾಗಿನಿಂದ ರೇಸ್ ಬೆಲ್ಟ್, ಸೂಟ್ ಮಾಡ್ತಿದ್ದ ಬಿಲ್ ಸಿಂಪ್ಸನ್ ನನ್ನ ತಲೆಯಿಂದ ಇಳಿದಿಲ್ಲ. ನಮ್ಮ ರ್‍ಯಾಲಿ ಹುಡುಗರೂ ಓದಲಿ ಅಂತ ಎಲ್ಲರೆದುರೇ ಬರೀತಿದ್ದೀನಿ, ಬೇಜಾರಾಗಬೇಡ.

ಸಿಂಪ್ಸನ್ ಕ್ಯಾಲಿಫೋರ್ನಿಯಾದವನು. 1958ರಲ್ಲಿ, ಇನ್ನೂ ಹದಿನೆಂಟರ ಹುಡುಗ, ಡ್ರ್ಯಾಗ್ ರೇಸ್ ಕಾರು ನಿಲ್ಲದೆ ಅಪ್ಪಳಿಸಿ ಎರಡೂ ಕೈ ಮುರಿದುಕೊಂಡ. ಮಲಗಿದ್ದಲ್ಲೇ ಯೋಚನೆ ಹತ್ತಿದ್ದು ನಿಲ್ಲಿಸೋದು ಹೇಗೆ ಅಂತ. ಕಾರಿನ ಹಿಂದೆ ಬಿಚ್ಚಿಕೊಳ್ಳುವ ಪ್ಯಾರಾಚೂಟ್ ಹೊಲಿಯೋದರಿಂದ ಅವನ ಕಸುಬು ಶುರುವಾಯಿತು. ಆಮೇಲೆ ಗಗನಯಾತ್ರಿ ಪೀಟ್ ಕಾನ್ರಾಡ್ ಅವನಿಗೆ ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆಯ ಪರಿಚಯ ಮಾಡಿಸಿದ. ಅದರಲ್ಲಿ ರೇಸಿಂಗ್ ಸೂಟ್ ಹೊಲಿದು, ಅದನ್ನೇ ತೊಟ್ಟು ತನಗೆ ತಾನೇ ಬೆಂಕಿ ಹಚ್ಚಿಸಿಕೊಂಡು ಜನರೆದುರು ನಿಂತ. 1974ರ ಇಂಡಿಯಾನಾಪೊಲಿಸ್ 500ರಲ್ಲಿ ತಾನೂ ಓಡಿಸಿ 13ನೆಯವನಾಗಿ ಮುಗಿಸಿದ. 1977ರಲ್ಲಿ ಅಲ್ಲೇ ಅಭ್ಯಾಸ ಮಾಡುವಾಗ, ಸ್ಟೀರಿಂಗ್ ಹಿಡಿದವನಿಗೆ ವ್ಯಾಪಾರದ ಫೋನ್ ಕರೆಯೊಂದು ನೆನಪಾಯಿತಂತೆ. ಅವತ್ತೇ ರೇಸ್ ಬಿಟ್ಟ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಬೆಂಕಿಯ ಪ್ರದರ್ಶನಕ್ಕಲ್ಲ, ಈ ತೀರ್ಮಾನಕ್ಕೆ.

ಇಂಥವನ ಬೆಲ್ಟ್ 2001ರ ಫೆಬ್ರವರಿ 18ರಂದು ಅಮೆರಿಕದ ಡೇಟೋನಾದಲ್ಲಿ ಹೆಸರಾಂತ ರೇಸರ್ ಡೇಲ್ ಅರ್ನ್‌ಹಾರ್ಟ್‌ನ ಮೈಮೇಲಿತ್ತು. ಕೊನೇ ಲ್ಯಾಪ್, ಗೋಡೆಗೆ ಡಿಕ್ಕಿ, ಸಾವು. ಎಡಗಡೆಯ ಸೊಂಟದ ಬೆಲ್ಟ್ ಹರಿದಿತ್ತು ಅಂತ ಆ ರೇಸ್ ನಡೆಸುವ ಸಂಸ್ಥೆ ನಾಸ್ಕಾರ್ ಹೇಳಿದ್ದೇ ತಡ, ಜನರ ಸಿಟ್ಟೆಲ್ಲ ಸಿಂಪ್ಸನ್ ಮೇಲೆ ತಿರುಗಿತು, ಕೊಲೆ ಬೆದರಿಕೆಗಳೂ ಬಂದವು. ಬೆಲ್ಟ್ ಚೆನ್ನಾಗಿತ್ತು, ನಾವು ಹೇಳಿದಂತೆ ಅದನ್ನು ಕೂರಿಸಿರಲಿಲ್ಲ ಅನ್ನೋದು ಅವನ ವಾದ. ಸಾವಿಗೆ ಆ ಬೆಲ್ಟ್ ಕಾರಣವಲ್ಲ ಅಂತ ಏಪ್ರಿಲ್‌ನಲ್ಲೇ ಸ್ವತಂತ್ರ ತಜ್ಞರು ಹೇಳಿದರು. ಆದರೂ ಜುಲೈನಲ್ಲಿ ಅವನು ತಾನೇ ಕಟ್ಟಿದ ಕಂಪನಿ ಬಿಟ್ಟು ಹೊರಬಂದ. ಆಗಸ್ಟ್‌ನ ವರದಿಯಲ್ಲಿ ಬೆಲ್ಟ್ ಹರಿದ ಬಗೆಗೆ ಒಂದು ಹೆಸರಿತ್ತು: ಡಂಪಿಂಗ್.

ನಿನ್ನ ಫೋಟೋ ನೋಡಿ ನನಗೆ ನಿದ್ದೆ ಬಾರದ್ದು ಇದಕ್ಕೇ. ಪಟ್ಟಿ ಅಡ್ಜಸ್ಟರಿನ ಸೀಳಿನೊಳಗೆ ಅಗಲಕ್ಕೂ ಚಪ್ಪಟೆಯಾಗಿ ಕೂತಿರಬೇಕು. ಎಳೆತ ಓರೆಯಾದರೆ ಅದು ಸೀಳಿನ ಒಂದು ಮೂಲೆಗೆ ಸರಿದು ಮುದುಡುತ್ತೆ. ಆಗ ಇಡೀ ಅಗಲ ಹೊರಬೇಕಾದ ಭಾರ ಒಂದಂಚಿನ ಕೆಲವೇ ಎಳೆಗಳ ಮೇಲೆ ಬಿದ್ದು, ಅಲ್ಲಿಂದ ಚರ್ರನೆ ಹರಿಯುತ್ತೆ. ಪಟ್ಟಿ ಎಷ್ಟೇ ಗಟ್ಟಿ ಇದ್ದರೂ ಅಷ್ಟೇ. ಆದ್ದರಿಂದ ತುದಿಯ ಬ್ರ್ಯಾಕೆಟ್ ಬೆಲ್ಟ್ ಎಳೆಯುವ ದಿಕ್ಕಿಗೇ ಮುಖ ಮಾಡಿರಬೇಕು, ಬೋಲ್ಟಿನ ಸುತ್ತ ಸಲೀಸಾಗಿ ತಿರುಗಬೇಕು, ಅಡ್ಜಸ್ಟರ್ ಸೀಟಿನ ಅಂಚಿಗೆ ತಾಗಲೇಬಾರದು.

ಮೊದಲು ಆ ಬೋಲ್ಟನ್ನು ಸೀಟಿನ ಬ್ರ್ಯಾಕೆಟ್ಟಿನಿಂದ ತೆಗೆ. ಸೀಟಿಗಾಗಲಿ ಅದರ ಸಪೋರ್ಟಿಗಾಗಲಿ ಬೆಲ್ಟ್ ಕಟ್ಟೋದನ್ನು ಮೋಟಾರ್ ರೇಸಿಂಗಿನ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ನಿಯಮವೇ ಒಪ್ಪಲ್ಲ. ಸೀಟು ಕಿತ್ತು ಬಂದರೆ ಬೆಲ್ಟೂ ಜೊತೆಗೇ ಬರುತ್ತೆ. ಫ್ಲೋರಿನ ತಗಡಿಗೆ ಹಾಕೋದಾದರೆ ಅಡಿಯಲ್ಲಿ ಕಡಿಮೆಯೆಂದರೂ 40 ಚದರ ಸೆಂ.ಮೀ. ವಿಸ್ತಾರದ, 3 ಮಿ.ಮೀ. ದಪ್ಪದ ಸ್ಟೀಲ್ ಪ್ಲೇಟ್ ಬೇಕು. ಅಲ್ಲಿ ಬರೀ ವಾಷರ್ ಇಟ್ಟರೆ ತಗಡು ಹರಿದು ಬೋಲ್ಟ್ ಮೇಲೆ ಬರುತ್ತೆ. ಬೋಲ್ಟ್ ಎಂ12 (12 ಮಿ.ಮೀ.), ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಹೆಚ್ಚಿನ ಬಲದ ಗುರುತು ಇರಲೇಬೇಕು. ಗುರುತಿಲ್ಲದ್ದನ್ನು ಗೇಟಿಗೆ ಹಾಕ್ಕೋ.

ಭುಜದ ಪಟ್ಟಿ ಭುಜದಿಂದ ಹಿಂದಕ್ಕೆ ಹೆಚ್ಚುಕಡಿಮೆ ಮಟ್ಟಸವಾಗಿ ಹೋಗಲಿ, ಇಳಿದರೂ 20 ಡಿಗ್ರಿ ದಾಟೋದು ಬೇಡ. ಈಗ ನೀನು ಹಿಂದಿನ ಫ್ಲೋರಿಗೆ ಕಟ್ಟಿದ್ದೀಯ, ಡಿಕ್ಕಿಯಾದರೆ ಅದು ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನುಮೂಳೆಯನ್ನೇ ಒತ್ತುತ್ತೆ. ಕೇಜಿಗೆ ಅಡ್ಡ ಪೈಪ್ ಹಾಕಿಸು: ಸೀಮ್‌ಲೆಸ್, 38 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ದಪ್ಪ. ಪೈಪಿಗೆ ಸುತ್ತಿದ ಪಟ್ಟಿಯ ತುದಿಯನ್ನು ಸ್ಲೈಡರಿನಲ್ಲಿ ಮತ್ತೊಮ್ಮೆ ಹಿಂದಕ್ಕೆ ತೂರಿಸಬೇಕು. ಆ ಎರಡನೇ ಸುತ್ತು ಮರೆತರೆ ಪಟ್ಟಿ ಜಾರಿ ಬರುತ್ತೆ.

ಹಾಕಿಕೊಳ್ಳುವಾಗ ಸೊಂಟದ್ದು ಮೊದಲು, ಕೆಳಗೆ, ಎಲುಬಿನ ಮೇಲೆ. ಹೊಟ್ಟೆಯ ಮೇಲಲ್ಲ. ಉಸಿರು ಬಿಟ್ಟು ಎಳೆ. ಆಮೇಲೆ ಭುಜದ್ದು. ಮೊದಲು ಭುಜದ್ದು ಬಿಗಿದರೆ ಅದು ಸೊಂಟದ ಬೆಲ್ಟನ್ನು ಹೊಟ್ಟೆಗೆ ಏರಿಸಿಬಿಡುತ್ತೆ. ಹಾಗೆ ಏರದಂತೆ ಹಿಡಿಯೋಕೇ ತೊಡೆಸಂದಿನ ಪಟ್ಟಿ ಇರೋದು, ಕೂರೋಕೆ ಅಡ್ಡಿ ಅಂತ ಅದನ್ನು ಸೀಟಿನಡಿ ತಳ್ಳಬೇಡ. ಚಿಕ್ಕಮಗಳೂರಿನ ತೋಟದ ದಾರಿಯ ಕೆಮ್ಮಣ್ಣು ಬಕಲ್ ಒಳಗೆ ಸೇರಿದರೆ ತಿರುಪು ಗಟ್ಟಿಯಾಗುತ್ತೆ, ಪ್ರತಿ ರ್‍ಯಾಲಿ ಆದಮೇಲೆ ತಿರುಗಿಸಿ ನೋಡು. ಲೇಬಲಿನ ಮೇಲಿನ ಕೊನೇ ತಾರೀಖನ್ನೂ ನೋಡು. ದೊಡ್ಡ ಡಿಕ್ಕಿ ಕಂಡ ಬೆಲ್ಟು ನೋಡೋಕೆ ಹೊಸದರಂತಿದ್ದರೂ ಎಸೆಯೋದೇ.

ಸೂಟಿನೊಳಗೆ ಆ ಫುಟ್‌ಬಾಲ್ ಜೆರ್ಸಿ ಬೇಡ. ನೋಮೆಕ್ಸ್ ಕರಗದೆ ಕರಕಲಾಗುತ್ತೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತೆ. ಕುತ್ತಿಗೆಗೆ ಹ್ಯಾನ್ಸ್ ಹಾಕು, ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಚಿಮ್ಮದಂತೆ ಹಿಡಿಯುವ ಸಾಧನ ಅದು. ಅದನ್ನು ರೂಪಿಸಿದವನು ಬಯೋಮೆಕ್ಯಾನಿಕ್ಸ್ ಪ್ರೊಫೆಸರ್ ಹಬರ್ಡ್, ಅವನ ಜೊತೆ ನಿಂತ ಭಾವ ಜಿಮ್ ಡೌನಿಂಗ್ ಕೂಡ ರೇಸರ್ರೇ. ಅರ್ನ್‌ಹಾರ್ಟ್ ಅದನ್ನು ಹಾಕಿರಲಿಲ್ಲ. ತಲೆ-ಕುತ್ತಿಗೆ ಹಿಡಿಯುವ ಸಾಧನ ಕಡ್ಡಾಯ ಅಂತ ನಾಸ್ಕಾರ್ ಹೇಳಿದ್ದು ಅವನು ಸತ್ತ ವರ್ಷದ ಅಕ್ಟೋಬರ್‌ನಲ್ಲಿ.

ಇಷ್ಟೇ ಬರೆದು ಮುಗಿಸಬೇಕು ಅಂತ ಕೂತಿದ್ದೆ, ಆಗ್ತಿಲ್ಲ. ಮೊನ್ನೆ ನಿಮ್ಮಮ್ಮ ಕಾಫಿ ಕೊಡ್ತಾ, "ಅವನ ಜೊತೆ ನೀನಿರ್ತೀಯಲ್ಲ, ನನಗದೇ ಧೈರ್ಯ" ಅಂದ್ರು. ನಾನು ಹೂಂ ಅಂದೆ. ಆದರೆ ನೀನು ಸ್ಟೇಜ್, ಅಂದ್ರೆ ಓಟದ ದಾರಿಯ ಒಳಗೆ ಹೋದಮೇಲೆ ನಾನೆಲ್ಲಿರ್ತೀನಿ ಹೇಳು? ಸರ್ವೀಸ್ ಪಾರ್ಕಿನಲ್ಲಿ ನಿಂತು, ಫಿನಿಶ್‌ನಿಂದ ನಿನ್ನ ನಂಬರ್ ಕೇಳೋವರೆಗೂ ಯಾರ ಜೊತೆಗೂ ಮಾತಾಡಲ್ಲ. ನೀನು ಎಷ್ಟನೆಯವನಾದೆ ಅನ್ನೋದು ನನಗೆ ನಿಜವಾಗಿ ಬೇಕಾಗಿಲ್ಲ ಕಣೋ, ಯಾವತ್ತೂ ಬೇಕಾಗಿರಲಿಲ್ಲ. ಒಳಗೆ ನಿನ್ನ ಜೊತೆ ಇರೋದು ಆ ಬೆಲ್ಟು ಮಾತ್ರ. ಅದನ್ನು ಹೊಲಿದವರು ಯಾರೋ, ನಿಯಮ ಬರೆದವರು ಯಾರೋ, ಕೊನೇ ಬೋಲ್ಟ್ ಬಿಗಿಯೋರು ಮಾತ್ರ ನಾವು.

ಸಾಕು, ಇನ್ನೂ ಬರೆದರೆ ಶೆಟ್ರ ಮದುವೆ ಭಾಷಣ ಆಗುತ್ತೆ. ಭಾನುವಾರ ಬೆಳಿಗ್ಗೆ ಬರ್ತೀನಿ, ಸೀಟು ಬಿಚ್ಚಿಟ್ಟಿರು. 19ರ ಸ್ಪ್ಯಾನರ್ ಎರಡು ಬೇಕು, ಪ್ಲೇಟು ನಾನೇ ಕತ್ತರಿಸಿ ತರ್ತೀನಿ. ಅಮ್ಮನಿಗೆ ಕಡುಬು ಮಾಡೋಕೆ ಹೇಳು. ನಿನ್ನ ತಮ್ಮನ ಕೈಗೆ ಮಾತ್ರ ಡ್ರಿಲ್ ಕೊಡಬೇಡ.

ನಿನ್ನವ