ಚಕ್ಕುಲಿ ಡಬ್ಬಿಯ ಕೆಳಗೆ ಐದು ಪುಸ್ತಕ

ಪ್ರೀತಿಯ ಪುಟ್ಟೀ,

ಪಾರ್ಸೆಲ್‌ನಲ್ಲಿ ಚಕ್ಕುಲಿ ಡಬ್ಬಿಯ ಕೆಳಗೆ ಐದು ಪುಸ್ತಕ ಇಟ್ಟಿದ್ದೇನೆ. ಮೊದಲು ಖಾಲಿಯಾಗೋದು ಡಬ್ಬಿಯೇ ಅಂತ ಗೊತ್ತು. ಆಗಲಿ, ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಬೇಡ ಅಷ್ಟೇ.

"ಕನ್ನಡ ಪುಸ್ತಕ ಅಂದ್ರೆ ಒಂದೋ ನರಿ-ದ್ರಾಕ್ಷಿ, ಇಲ್ಲಾಂದ್ರೆ ನಿನ್ನ ದಪ್ಪ ಕಾದಂಬರಿ" ಅಂತ ಫೋನಿನಲ್ಲಿ ರೇಗಿದೆಯಲ್ಲ, ಪೂರ್ತಿ ಸುಳ್ಳೇನಲ್ಲ. ಆರು, ಏಳನೇ ಕ್ಲಾಸಿನವರಿಗೆ ಅಂತ ಬರೆಯುವವರು ಕಡಿಮೆ. ಬರೆದರೂ ಕೊನೇ ಪುಟದಲ್ಲಿ ಬುದ್ಧಿ ಹೇಳದೆ ಬಿಡಲ್ಲ. ಈಚೆಗೆ ಪರವಾಗಿಲ್ಲ. ಸಾಹಿತ್ಯ ಅಕಾಡೆಮಿಯವರು 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದ್ದಾರೆ. ಆ ಪಟ್ಟಿ ಹಿಡಿದುಕೊಂಡೇ ಅಂಗಡಿಗೆ ಹೋದೆ. ಆರಿಸುವವರು ದೊಡ್ಡವರೇ, ನಿಮ್ಮನ್ನ ಯಾರೂ ಕೇಳಲ್ಲ, ಅದು ಬೇರೆ ಮಾತು.

ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ಕ್ಕೆ 2021ರಲ್ಲಿ ಬಂತು. ಹೆಸರು ನೋಡಿ ನೀನೂ ಹಾಸ್ಟೆಲ್ ಬಿಟ್ಟು ಓಡಿ ಬರಬೇಡ ಮಾರಾಯ್ತಿ. 2022ರದು ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'. ಅವರು ಉತ್ತರ ಕನ್ನಡದವರು, ಮೇಷ್ಟರಾಗಿದ್ದವರು. ಮರುವರ್ಷದ್ದು ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಸೂರಕ್ಕಿ ನಿನಗೆ ಗೊತ್ತಲ್ವಾ? ನಮ್ಮ ದಾಸವಾಳಕ್ಕೆ ಬಂದು, ಬಾಗಿದ ಕೊಕ್ಕಿನಿಂದ ಹೂವಿನ ಬುಡಕ್ಕೇ ತೂತು ಹೊಡೆದು ರಸ ಕುಡಿಯುತ್ತಲ್ಲ, ಅದೇ. 2024ರ 'ಛೂಮಂತ್ರಯ್ಯನ ಕಥೆಗಳು' ತಮ್ಮ ಕಿತ್ತುಕೊಂಡಿದ್ದಾನೆ, ದಸರಾ ರಜೆಗೆ ಬಂದಾಗ ಜಗಳ ಆಡಿ ತಗೋ. ಕೆ. ಶಿವಲಿಂಗಪ್ಪ ಹಂದಿಹಾಳು ಅವರ 'ನೋಟ್‌ಬುಕ್' 2025ರದು. ಬಿಡಿ ಬಿಡಿ ಕತೆಗಳು. ಸ್ಟಡಿ ಅವರ್ ಮುಗಿದು ಲೈಟ್ ಆರಿಸುವ ಮೊದಲು ಒಂದೊಂದು ಓದಬಹುದು.

ಹೊಸದೇ ಬೇಕು ಅಂದಿದ್ದೆ. ಆದರೂ 1980ರ ಒಂದು ಪುಸ್ತಕ ತುರುಕಿದ್ದೇನೆ: ತೇಜಸ್ವಿಯವರ 'ಕರ್ವಾಲೊ'. ಮಕ್ಕಳಿಗೆ ಅಂತ ಬರೆದದ್ದಲ್ಲ, ಅದಕ್ಕೇ ನಿನಗೆ ಹಿಡಿಸುತ್ತೆ ಅನಿಸುತ್ತೆ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾದ ಕತೆ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ನುಗ್ಗುತ್ತೆ. ಊರಿನವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಅವನಿಗೋ ಒಂದು ನೌಕರಿ ಬೇಕು, ಮದುವೆ ಆಗಬೇಕು. ಆದರೆ ದೊಡ್ಡ ವಿಜ್ಞಾನಿ ಕರ್ವಾಲೊ ನೆಚ್ಚಿಕೊಂಡಿರೋದು ಅವನನ್ನೇ. ಜೊತೆಗೆ ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ. ಓತಿ ಸಿಕ್ಕಿತಾ ಅಂತ ಕೊನೇ ಪುಟ ತೆಗೆದು ನೋಡಿದರೆ ನನ್ನಾಣೆ!

ಸಾರಾಂಶ ಬರಿ, ನೀತಿ ಹೇಳು ಅಂತ ನಾನು ಕೇಳಲ್ಲ. ಬೇಜಾರಾದರೆ ಅರ್ಧಕ್ಕೇ ಬಿಟ್ಟು ಪಕ್ಕದ ಮಂಚದವಳಿಗೆ ಕೊಡು. ಯಾರಿಗೆ ಯಾವುದು ಕೊಟ್ಟೆ ಅಂತ ಗುರುತು ಮಾತ್ರ ಹಾಕಿಟ್ಟುಕೋ. 'ಕರ್ವಾಲೊ' ನನ್ನ ಕಾಲೇಜು ದಿನಗಳದ್ದು, ಒಳಗೆ ನನ್ನ ಸಹಿ ಇದೆ. ಅದೊಂದು ಮನೆಗೆ ವಾಪಸ್ ಬರಲೇಬೇಕು.

ಸ್ವೆಟರ್ ಇದರಲ್ಲಿ ಹಿಡಿಯಲಿಲ್ಲ. ಭಾನುವಾರ ಅಪ್ಪ ತರುತ್ತಾರೆ.

ನಿನ್ನ
ಅಮ್ಮ